ಹ್ಯಾಂಡ್‌ಪಂಪ್ ಹಿಡಿಕೆಯ ಏರಿಳಿತದಿಂದ ಒಂದು ವ್ಯಾಟ್ ದೀಪ: ಕಾಯಿಲ್-ಮ್ಯಾಗ್ನೆಟ್ಟೋ, ಸೈಕಲ್ ಫ್ರೀವೀಲೋ?

ಕುಷ್ಟಗಿ ವಿಜ್ಞಾನ ಬಳಗ:

ನಮಸ್ಕಾರ ಎಲ್ಲರಿಗೂ. ಕುಷ್ಟಗಿ ತಾಲೂಕಿನ ಒಂದು ಪ್ರೌಢಶಾಲೆಯ ಆವರಣದಲ್ಲಿ ಇಂಡಿಯಾ ಮಾರ್ಕ್-2 ಹ್ಯಾಂಡ್‌ಪಂಪ್ ಇದೆ. ಶಾಲೆಯವರೂ ಓಣಿಯವರೂ ಸೇರಿ ದಿನಕ್ಕೆ ಒಟ್ಟು ಮೂರು ತಾಸಿನಷ್ಟು ಹೊಡೆಯುತ್ತಾರೆ. ಈ ಮೇಲೆ-ಕೆಳಗಿನ ಚಲನೆಯಿಂದ ಒಂದು 18650 ಸೆಲ್ (ಲ್ಯಾಪ್‌ಟಾಪ್ ಬ್ಯಾಟರಿಗಳಲ್ಲಿ ಬರುವಂಥ ಉರುಟು ಲಿಥಿಯಂ ಸೆಲ್) ಚಾರ್ಜ್ ಮಾಡಿ, ರಾತ್ರಿ ಪಂಪಿನ ಕಟ್ಟೆಯ ಮೇಲೆ 1 ವ್ಯಾಟ್ ಎಲ್‌ಇಡಿ ಉರಿಸಬೇಕೆಂಬುದು ಒಂಬತ್ತನೇ ತರಗತಿ ಮಕ್ಕಳ ಯೋಜನೆ.

ಅವರ ನಕ್ಷೆ ಹೀಗಿದೆ: ಪಿವಿಸಿ ಪೈಪಿನ ಮೇಲೆ 0.2 ಮಿಮೀ ತಂತಿಯ 1000 ಸುತ್ತು, ಪೈಪಿನೊಳಗೆ ನಿಯೋಡೈಮಿಯಂ ಮ್ಯಾಗ್ನೆಟ್. ಅದನ್ನು ಹಿಡಿಕೆಗೆ ಕಟ್ಟಿದರೆ ಒಳಗೆ ಓಡಾಡುತ್ತದೆ. ಮಲ್ಟಿಮೀಟರ್ ಮುಳ್ಳು ಅಲ್ಲಾಡುತ್ತದೆ, ಆದರೆ ಸೆಲ್ ಚಾರ್ಜ್ ಆಗುವುದಿಲ್ಲ. ಸುತ್ತು ಹೆಚ್ಚಿಸಿದರೆ ಸಾಕೋ, ಇಲ್ಲ ಗೇರ್ ಕಡೆಗೆ ಹೋಗಬೇಕೋ? ಗೇರ್ ಆದರೆ, ಹಿಡಿಕೆ ಏರುವಾಗ ಒಂದು ದಿಕ್ಕು, ಇಳಿಯುವಾಗ ಇನ್ನೊಂದು ದಿಕ್ಕು ತಿರುಗುವುದನ್ನು ಹೇಗೆ ನಿಭಾಯಿಸುವುದು? ನೀರು ಹೊಡೆಯುವವರಿಗೆ ಭಾರ ಅನ್ನಿಸಲೂಬಾರದು.

ಲಿಂಗಸುಗೂರು ಫಿಟ್ಟರ್:

ಸರ್, ಮೊದಲು ಎಷ್ಟು ಶಕ್ತಿ ಇದೆ, ಅದರಾಗ ಎಷ್ಟು ಕದೀಬಹುದು ಅನ್ನೋ ಲೆಕ್ಕ ಮಾಡೂಣು.

ಮಾರ್ಕ್-2 ಸಿಲಿಂಡರಿನ ಒಳವ್ಯಾಸ 63.5 ಮಿಮೀ, ಸ್ಟ್ರೋಕ್ 125 ಮಿಮೀ. ಒಂದು ಹೊಡೆತಕ್ಕ ಸುಮಾರು 0.4 ಲೀಟರ್. ನಿಮಿಷಕ್ಕ 40 ಹೊಡೆತ ಅಂದ್ರ 15 ಲೀಟರ್ ಹಿಡೀರಿ. ನೀರು 30 ಮೀಟರ್ ಕೆಳಗಿದ್ರ ಅದನ್ನ ಮ್ಯಾಲೆ ತರಾಕ 70 ವ್ಯಾಟ್ ಮ್ಯಾಲೇ ಬೇಕು. ಅಷ್ಟು ಕೆಲಸ ಮನುಷ್ಯ ಆಗಲೇ ಮಾಡಾಕತ್ತಾನ. ಅದರ ಮ್ಯಾಲೆ 3 ವ್ಯಾಟ್ ಕೂಡಿಸಿದ್ರ ನೂರಕ್ಕ ನಾಲ್ಕು ಹೆಚ್ಚಾದಂಗ, ಕೈಗೆ ಗೊತ್ತಾಗಂಗಿಲ್ಲ. 10 ವ್ಯಾಟ್ ಕೂಡಿಸಿದ್ರ ಮಾತ್ರ ಓಣಿ ಹೆಣ್ಮಕ್ಕಳು ಮರುದಿನವೇ ಬಿಚ್ಚಿ ಒಗಿತಾರ. ಪುಕ್ಕಟೆ ವಿದ್ಯುತ್ ಅನ್ನೋದು ಇಲ್ಲಿಲ್ಲ, ಬರೋದೆಲ್ಲ ಹೊಡೆಯೋರ ತೋಳಿನಿಂದನೇ. ಮಕ್ಕಳ ಫಲಕದ ಮ್ಯಾಲೆ ಇದನ್ನ ಮೊದಲ ಸಾಲಿನಾಗ ಬರೆಸ್ರಿ.

ಈಗ ಕಾಯಿಲ್ ವಿಷಯ. ಒಂದು ಪೂರ್ತಿ ಹೊಡೆತಕ್ಕ ಒಂದೂವರೆ ಸೆಕೆಂಡು. ಪಂಪಿನ ರಾಡ್ 125 ಹೋಗಿ 125 ಬರ್ತದ, ಅಂದ್ರ ಸರಾಸರಿ ವೇಗ ಸೆಕೆಂಡಿಗೆ 0.17 ಮೀಟರ್. 25 ಮಿಮೀ ವ್ಯಾಸದ 1000 ಸುತ್ತಿನಾಗ ಹತ್ರಹತ್ರ 78 ಮೀಟರ್ ತಂತಿ. ಇಡೀ ತಂತಿ 0.2 ಟೆಸ್ಲಾ ಕ್ಷೇತ್ರದಾಗೇ ಐತಿ ಅಂತ ದಾರಾಳವಾಗಿ ಹಿಡಿದ್ರೂ 0.2 × 78 × 0.17, ಎರಡೂವರೆ ವೋಲ್ಟ್ ಚಿಲ್ಲರೆ. ಆ ತಂತಿಯ ರೋಧ 43 ಓಮ್. ಹೊರಗ ತೆಗೀಬಹುದಾದ ಗರಿಷ್ಠ ಶಕ್ತಿ ಅಂದ್ರ ವೋಲ್ಟೇಜಿನ ವರ್ಗವನ್ನ ರೋಧದ ನಾಲ್ಕು ಪಟ್ಟಿನಿಂದ ಭಾಗಿಸ್ರಿ: 40 ಮಿಲಿವ್ಯಾಟ್. ಖರೇ ಅಂದ್ರ ಮ್ಯಾಗ್ನೆಟ್ ಒಂದು ಹೊತ್ತಿಗೆ ಕಾಯಿಲಿನ ಒಂದು ತುಂಡಿಗಷ್ಟೇ ತಾಗ್ತದ, ಹಂಗಾಗಿ 10 ಮಿಲಿವ್ಯಾಟ್ ಬಂದ್ರ ದೊಡ್ಡದು. ಮ್ಯಾಲೆ ಎಸಿಯನ್ನ ಡಿಸಿ ಮಾಡಾಕ ಸಾದಾ ಡಯೋಡಿನ ಬ್ರಿಡ್ಜ್ (ನಾಲ್ಕು ಡಯೋಡಿನ ಜೋಡಣೆ) ಹಾಕಿದ್ರ 1.4 ವೋಲ್ಟ್ ಅದೇ ನುಂಗ್ತದ.

ಸುತ್ತು ಹೆಚ್ಚು ಮಾಡಿದ್ರ? ಅಷ್ಟೇ ಜಾಗದಾಗ ಹೆಚ್ಚು ಸುತ್ತು ಅಂದ್ರ ತಂತಿ ಸಣ್ಣದಾಗಬೇಕು, ರೋಧ ಏರ್ತದ. ವೋಲ್ಟ್ ಎರಡು ಪಟ್ಟಾದ್ರ ರೋಧ ನಾಲ್ಕು ಪಟ್ಟು. ಶಕ್ತಿ ಇದ್ದಲ್ಲೇ ಇರ್ತದ. ಬದಲಾಗಬೇಕಾದ್ದು ವೇಗ. ವೇಗ ಹತ್ತು ಪಟ್ಟಾದ್ರ ಶಕ್ತಿ ನೂರು ಪಟ್ಟು. ಅದಕ್ಕ ನಿಧಾನದ ಚಲನೆಗೆ ಮೊದಲು ಚಕ್ರ, ಆಮ್ಯಾಲೆ ಕಾಯಿಲ್. ಕರೆಂಟ್ ನೆಟ್ಟಗ ಮಾಡೋಕಿಂತ ಮೊದಲು ಚಲನೆ ನೆಟ್ಟಗ ಮಾಡಬೇಕು.

ಸಿಂಧನೂರು ವಿದ್ಯಾರ್ಥಿ:

ಪೀಜೋ ಡಿಸ್ಕ್ (ಒತ್ತಿದರೆ ವೋಲ್ಟೇಜ್ ಕೊಡುವ ಬಿಲ್ಲೆ) ಹಾಕಿದರೆ ಆಗುವುದಿಲ್ಲವೇ ಸರ್? 27 ಮಿಮೀ ಡಿಸ್ಕ್ ಒತ್ತಿದರೆ ಮೀಟರಿನಲ್ಲಿ 20 ವೋಲ್ಟ್ ತೋರಿಸುತ್ತದೆ.

ಲಿಂಗಸುಗೂರು ಫಿಟ್ಟರ್:

20 ವೋಲ್ಟ್ ಖರೇ, ಆದ್ರ ಅದರ ಬೆನ್ನಿಗೆ ಕರೆಂಟ್ ಇಲ್ಲ. ಮೀಟರಿಗೆ 1 ಕಿಲೋಓಮ್ ರೆಸಿಸ್ಟರ್ ಅಡ್ಡ ಹಾಕಿ ಮತ್ತ ಒತ್ತಿ ನೋಡು ತಮ್ಮಾ, ಎಷ್ಟು ಬೀಳ್ತದ ಗೊತ್ತಾಗ್ತದ. ಲೋಡ್ ಇಲ್ಲದ ವೋಲ್ಟೇಜ್ ನೋಡಿ ಯಾವ ಜನರೇಟರಿನ ಬಗ್ಗೆಯೂ ತೀರ್ಮಾನ ಮಾಡಬಾರದು.

ತೋರಣಗಲ್ಲು ಮೆಂಟೆನೆನ್ಸ್:

ಫಿಟ್ಟರ್ ಅವರ ಲೆಕ್ಕ ಸರಿಯಾಗಿದೆ. ಯಾಂತ್ರಿಕ ಭಾಗ ನಾನು ಬರೆಯುತ್ತೇನೆ. ಹೊಸದಾಗಿ ಗೇರ್ ಕಟ್ಟಿಸುವ ಅಗತ್ಯ ಇಲ್ಲ, ಸೈಕಲ್ಲಿನ ಹಿಂದಿನ ಗಾಲಿಯೊಂದೇ ಸಾಕು. ಒಂದೇ ದಿಕ್ಕಿಗೆ ಹಿಡಿಯುವ ಫ್ರೀವೀಲ್, ಬೇರಿಂಗ್ ಇರುವ ಹಬ್, ವೇಗ ಏರಿಸಲು ದೊಡ್ಡ ಪುಲ್ಲಿಯಾಗುವ ರಿಮ್, ಮೂರೂ ಅದರಲ್ಲೇ ಇವೆ. 28 ಇಂಚಿನ ಹಳೆಯ ಗಾಲಿ ಸೈಕಲ್ ಶಾಪಿನಲ್ಲೋ ಗುಜರಿಯಲ್ಲೋ ಸಿಗುತ್ತದೆ. ಟೈರು-ಟ್ಯೂಬು ತೆಗೆಯಿರಿ, ಆದರೆ ಟ್ಯೂಬ್ ಬಿಸಾಡಬೇಡಿ, ಮುಂದೆ ಬೇಕು. ತೆಗೆದುಕೊಳ್ಳುವಾಗ ಫ್ರೀವೀಲನ್ನು ಕೈಯಿಂದ ತಿರುಗಿಸಿ ನೋಡಿ. ಟಕಟಕ ಶಬ್ದ ಎಲ್ಲಾ ಕಡೆ ಒಂದೇ ಸಮ ಬರಬೇಕು.

ಎಲ್ಲಿಂದ ಎಳೆಯಬೇಕು ಎನ್ನುವುದು ಮುಖ್ಯ. ಪಂಪಿನ ರಾಡಿನ ಹತ್ತಿರ ಚಲನೆ 125 ಮಿಮೀ ಮಾತ್ರ, ಹಿಡಿಕೆಯ ತುದಿಯಲ್ಲಿ ಅದರ ಎಂಟು ಪಟ್ಟು. ಹಿಡಿಕೆಯ ಆಕ್ಸಲ್‌ನಿಂದ ಹೊರಕ್ಕೆ ಸುಮಾರು 300 ಮಿಮೀ ದೂರದಲ್ಲಿ ಕ್ಲ್ಯಾಂಪ್ ಕಟ್ಟಿದರೆ 250 ಮಿಮೀ ಆಸುಪಾಸು ಓಡಾಟ ಸಿಗುತ್ತದೆ. ಟೇಪ್ ಹಿಡಿದು ಅಳೆಯಿರಿ, ಪಂಪಿನಿಂದ ಪಂಪಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ತುದಿಗೆ ಕಟ್ಟಿದರೆ ಚೈನು ಕೈಗೆ ಅಡ್ಡ ಬರುತ್ತದೆ.

ಗಾಲಿಯನ್ನು ಹಿಡಿಕೆಯ ನೇರ ಕೆಳಗೆ, ನೆಲದಿಂದ 350 ಮಿಮೀ ಎತ್ತರದಲ್ಲಿ ಆಕ್ಸಲ್ ಬರುವಂತೆ ಎಲ್-ಆಂಗಲ್ ಸ್ಟ್ಯಾಂಡಿನ ಮೇಲೆ ಕೂರಿಸಿ. ಸೈಕಲ್ ಚೈನಿನ 60 ಕೊಂಡಿ ಸಾಕು. ಕ್ಲ್ಯಾಂಪಿನಿಂದ 3 ಮಿಮೀ ಸ್ಟೀಲ್ ವೈರ್ ರೋಪ್ ಇಳಿದು ಚೈನಿಗೆ ಸೇರುತ್ತದೆ. ಚೈನು ಫ್ರೀವೀಲಿನ ಕೆಳಗಿನಿಂದ ಸುತ್ತಿ ಮತ್ತೊಂದು ಬದಿಯಲ್ಲಿ ಮೇಲೆ ಬಂದು, 20 ಮಿಮೀ ಅಗಲ 600 ಮಿಮೀ ಉದ್ದದ ಟ್ಯೂಬ್ ಪಟ್ಟಿಗೆ ಸೇರುತ್ತದೆ. ಪಟ್ಟಿಯ ಇನ್ನೊಂದು ತುದಿ ಸ್ಟ್ಯಾಂಡಿನ ಕಂಬದ ಕೊಕ್ಕೆಗೆ. ಹಿಡಿಕೆ ಏರುವಾಗ ಚೈನು ಎಳೆದು ಗಾಲಿ ತಿರುಗಿಸುತ್ತದೆ, ಇಳಿಯುವಾಗ ರಬ್ಬರು ಚೈನನ್ನು ವಾಪಸ್ ಎಳೆದುಕೊಳ್ಳುತ್ತದೆ, ಫ್ರೀವೀಲ್ ಸುಮ್ಮನೆ ಟಕಟಕ ಅನ್ನುತ್ತದೆ. ಗಾಲಿ ಮಾತ್ರ ಒಂದೇ ದಿಕ್ಕಿಗೆ ಓಡುತ್ತಿರುತ್ತದೆ. ಕೂರಿಸುವ ಮೊದಲು ಫ್ರೀವೀಲ್ ಯಾವ ದಿಕ್ಕಿಗೆ ಹಿಡಿಯುತ್ತದೆ ನೋಡಿಕೊಳ್ಳಿ. ಗಾಲಿ ತಿರುಗಾಮುರುಗಾ ಕೂತರೆ ಹಿಡಿಕೆ ಇಳಿಯುವಾಗ ರಬ್ಬರೇ ಗಾಲಿ ತಿರುಗಿಸಬೇಕಾಗುತ್ತದೆ, ಚೈನು ಸಡಿಲಾಗಿ ಕಳಚುತ್ತದೆ.

ಏರುವಾಗಲೇ ಯಾಕೆ? ಹಿಡಿಕೆ ಕೆಳಗೆ ಒತ್ತುವಾಗ ನೀರು ಮೇಲೇಳುತ್ತದೆ, ಪೂರ್ತಿ ಭಾರ ಅಲ್ಲಿದೆ. ಹಿಡಿಕೆ ಏರುವಾಗ ಕೈಗೆ ಕೆಲಸ ಕಡಿಮೆ. ನಮ್ಮ ಭಾರವನ್ನು ಆ ಖಾಲಿ ಅರ್ಧಕ್ಕೆ ಹಾಕಿದರೆ ಒಟ್ಟು ಶ್ರಮ ಹಂಚಿಹೋಗುತ್ತದೆ. ಎರಡು ಫ್ರೀವೀಲ್ ಹಾಕಿ ಎರಡೂ ಕಡೆಯಿಂದ ತೆಗೆಯುವ ರಚನೆ ಸಾಧ್ಯವಿದೆ, ಆದರೆ ಈ ಕೆಲಸಕ್ಕೆ ಬೇಡ. ಒಂದು ಚೈನಿನ ಜಾಗದಲ್ಲಿ ಎರಡು, ತೊಂದರೆಯೂ ಎರಡು ಪಟ್ಟು.

ಲೆಕ್ಕ: 18 ಹಲ್ಲಿನ ಫ್ರೀವೀಲ್, ಪ್ರತಿ ಹಲ್ಲಿಗೆ 12.7 ಮಿಮೀ, ಒಂದು ಸುತ್ತಿಗೆ 229 ಮಿಮೀ. 250 ಮಿಮೀ ಎಳೆತಕ್ಕೆ 1.1 ಸುತ್ತು. ಆ ಎಳೆತ ಮುಕ್ಕಾಲು ಸೆಕೆಂಡಿನಲ್ಲಿ ಆಗುವುದರಿಂದ ಆ ಹೊತ್ತಿನ ವೇಗ ನಿಮಿಷಕ್ಕೆ 85-90 ಸುತ್ತು. ಗಾಲಿಗೆ ತೂಕ ಇದ್ದರೆ ಅದು 60ರಿಂದ 80ರ ನಡುವೆ ನಿಲ್ಲುತ್ತದೆ. ರಿಮ್ಮಿನ ಕಾಲುವೆಯಲ್ಲಿ ಬೆಲ್ಟ್ ಓಡಿಸಿ, ಜನರೇಟರಿಗೆ 80 ಮಿಮೀ ಪುಲ್ಲಿ ಹಾಕಿದರೆ ಎಂಟು ಪಟ್ಟಿಗೆ ಸ್ವಲ್ಪ ಕಮ್ಮಿ, ಅಂದರೆ 450ರಿಂದ 600 ಸುತ್ತು. ಕಾಲಿನ ಹೊಲಿಗೆ ಮಷಿನ್ನಿನ ಚರ್ಮದ ಬೆಲ್ಟ್ ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಎರಡು ಆಕ್ಸಲ್‌ಗಳ ನಡುವೆ 450 ಮಿಮೀ ಇಟ್ಟರೆ 2.15 ಮೀಟರ್ ಬೇಕು, ಒಂದೇ ಬೆಲ್ಟ್ ಸಾಲದಿದ್ದರೆ ಎರಡು ತುಂಡನ್ನು ಅದರದೇ ತಂತಿ ಪಿನ್ನಿನಿಂದ ಜೋಡಿಸಿ. ಬೆಲ್ಟ್ ಬಿಗಿಯಾಗಿಸಲು ಜನರೇಟರಿನ ತಳಪಟ್ಟಿಗೆ ಉದ್ದ ಸೀಳು ಹೊಡೆಸಿ.

ಇನ್ನು ಫ್ಲೈವೀಲ್, ಅಂದರೆ ಎಳೆತ ಇಲ್ಲದಾಗಲೂ ತನ್ನ ತೂಕದ ಬಲದಿಂದ ತಿರುಗುತ್ತಿರುವ ಗಾಲಿ. ಬರೀ ರಿಮ್ ಒಂದು ಕಿಲೋ ಆಸುಪಾಸು. 70 ಸುತ್ತಿನಲ್ಲಿ ಅದು ಹಿಡಿದಿಡುವುದು ಎರಡೂವರೆ ಜೌಲ್. ಎಳೆತ ಇಲ್ಲದ ಅರ್ಧದಲ್ಲಿ ನಮಗೆ ಬೇಕಾದದ್ದು 2.2 ಜೌಲ್. ಅಂದರೆ ಪ್ರತಿ ಹೊಡೆತಕ್ಕೂ ಗಾಲಿ ಹೆಚ್ಚುಕಡಿಮೆ ನಿಂತು ಮತ್ತೆ ಹೊರಡುತ್ತದೆ, ಚಾರ್ಜರ್ ಆರಿ ಹತ್ತುತ್ತದೆ. ಪರಿಹಾರ ಸುಲಭ: 10 ಮಿಮೀ ಕಬ್ಬಿಣದ ಸರಳನ್ನು ಬಳೆಯಂತೆ ಬಾಗಿಸಿ ರಿಮ್ಮಿನ ಎರಡೂ ಮಗ್ಗುಲಿಗೆ ಒಂದೊಂದು ಕಟ್ಟಿ. ಒಂದು ಬಳೆ ಸುಮಾರು 1.2 ಕಿಲೋ. ಎರಡೂ ಸೇರಿದರೆ ಸಂಗ್ರಹ ಏಳು ಜೌಲ್ ದಾಟುತ್ತದೆ. ಬಳೆಯ ಬೆಸುಗೆಗಳು ಎದುರುಬದುರು ಬರಲಿ, ಇಲ್ಲದಿದ್ದರೆ ಭಾರದ ಕಡೆ ಕೆಳಗೆ ಬಂದು ನಿಲ್ಲುವ ಚಾಳಿ ಹತ್ತುತ್ತದೆ. ಕಡ್ಡಿಗಳಿಗೆ ವೆಲ್ಡ್ ಮಾಡಬೇಡಿ, ಶಾಖಕ್ಕೆ ಕಡ್ಡಿಯ ಬಿಗಿ ಹೋಗಿ ರಿಮ್ ಸೊಟ್ಟಗಾಗುತ್ತದೆ. ಬೈಂಡಿಂಗ್ ವೈರಿನಿಂದ ಹನ್ನೆರಡು ಕಡೆ ಬಿಗಿಯಿರಿ.

ಕೈಗೆ ಬೀಳುವ ಭಾರ: 3 ವ್ಯಾಟಿಗೆ ಒಂದು ಹೊಡೆತಕ್ಕೆ 4.5 ಜೌಲ್, 250 ಮಿಮೀಗೆ ಹಂಚಿದರೆ 18 ನ್ಯೂಟನ್. ಹಿಡಿಕೆಯ ತುದಿಯಲ್ಲಿ ಅದು ನಾಲ್ಕೂವರೆ-ಐದು ನ್ಯೂಟನ್, ಅಂದರೆ ಅರ್ಧ ಕಿಲೋ. ರಬ್ಬರನ್ನು ಅತಿಯಾಗಿ ಬಿಗಿದರೆ ಮಾತ್ರ ಇದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಚೈನು ಸಡಿಲಾಗದಷ್ಟು ಎಳೆತ ಸಾಕು.

ಎಣ್ಣೆ: ನಮ್ಮ ಕಡೆಯ ಕೆಂಪು ಧೂಳಿಗೆ ಗ್ರೀಸ್ ಹಚ್ಚಿದ ಚೈನು ತಿಂಗಳಲ್ಲಿ ಸಾಣೆಕಲ್ಲಾಗುತ್ತದೆ. ತೆಳು ಎಣ್ಣೆ ಬಿಟ್ಟು ಬಟ್ಟೆಯಿಂದ ಒರೆಸಿ. ಫ್ರೀವೀಲಿನೊಳಗೆ ಗ್ರೀಸ್ ತುಂಬಲೇಬಾರದು. ಒಳಗಿನ ನಾಲಿಗೆಗಳು ಅಂಟಿಕೊಂಡು ಎಳೆಯುವಾಗ ಜಾರುತ್ತವೆ. ಹೊಲಿಗೆ ಮಷಿನ್ ಎಣ್ಣೆ ನಾಲ್ಕು ಹನಿ ಸಾಕು. ಮತ್ತು ಇಡೀ ಗಾಲಿಗೆ ಜಾಲರಿ ಹೊದಿಸದೆ ಮಕ್ಕಳ ನಡುವೆ ಇದನ್ನು ನಡೆಸಬೇಡಿ. ಮೂರೂವರೆ ಕಿಲೋ ತೂಕದ ಗಾಲಿಯ ಕಡ್ಡಿಗಳ ನಡುವೆ ಬೆರಳು ಹೋದರೆ ಮುರಿಯುತ್ತದೆ.

ರಾಯಚೂರು ಎಲೆಕ್ಟ್ರಾನಿಕ್ಸ್:

ಜನರೇಟರಿಗೆ ಸೈಕಲ್ ಡೈನಮೋ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಆದ್ದರಿಂದ ಮೊದಲೇ ಬರೆಯುತ್ತಿದ್ದೇನೆ: 6 ವೋಲ್ಟ್ 3 ವ್ಯಾಟಿನ ಆ ಬಾಟಲಿ ಡೈನಮೋ ಕೆಲಸ ಮಾಡುತ್ತದೆ, ಆದರೆ ಉರುಳೆ ಉಜ್ಜುವಲ್ಲೇ ಬಹಳಷ್ಟು ಹಾಳಾಗುತ್ತದೆ. ಹಳೆಯ ಜೆರಾಕ್ಸ್ ಮಷಿನ್ ಅಥವಾ ಪ್ರಿಂಟರಿನ ಸ್ಟೆಪರ್ ಮೋಟರ್ ಇದಕ್ಕಿಂತ ಎಷ್ಟೋ ಮೇಲು. ಬ್ರಷ್ ಇಲ್ಲ, ಕಡಿಮೆ ವೇಗದಲ್ಲೇ ವೋಲ್ಟೇಜ್ ಕೊಡುತ್ತದೆ. ನೇಮಾ 17 ಗಾತ್ರದ್ದು ನಿಮಿಷಕ್ಕೆ 200 ಸುತ್ತಿನಲ್ಲೇ 1ರಿಂದ 2 ವ್ಯಾಟ್ ಕೊಡಬಲ್ಲದು. ನೇಮಾ 23 ಸಿಕ್ಕರೆ ಅದನ್ನೇ ಹಾಕಿ, ಶಾಫ್ಟ್ 6.35 ಮಿಮೀ ಇರುವುದರಿಂದ 80 ಮಿಮೀ ಪುಲ್ಲಿ ಗಟ್ಟಿಯಾಗಿ ಕೂರುತ್ತದೆ. ಪುಲ್ಲಿಯ ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಬರಲಿ.

ನಾಲ್ಕು ತಂತಿಗಳಲ್ಲಿ ಜೋಡಿ ಯಾವುದು? ಯಾವುದಾದರೂ ಎರಡನ್ನು ತಾಗಿಸಿ ಶಾಫ್ಟ್ ತಿರುಗಿಸಿ. ಬಿಗಿಯಾಯಿತೆಂದರೆ ಅವೆರಡು ಒಂದು ಜೋಡಿ. ಉಳಿದೆರಡು ಇನ್ನೊಂದು. ಒಂದೊಂದು ಜೋಡಿಗೂ ಪ್ರತ್ಯೇಕ ಬ್ರಿಡ್ಜ್ ಬೇಕು: 1ಎನ್5819 ಶಾಟ್ಕಿ ಡಯೋಡ್ (ಸಾದಾ ಡಯೋಡಿಗಿಂತ ಕಡಿಮೆ ವೋಲ್ಟ್ ನುಂಗುವುದು) ಒಟ್ಟು ಎಂಟು. ಎರಡು ಬ್ರಿಡ್ಜಿನ ಪ್ಲಸ್ ಒಂದು ಕಡೆ, ಮೈನಸ್ ಒಂದು ಕಡೆ ಸೇರಿಸಿ 2200 ಮೈಕ್ರೊಫ್ಯಾರಡ್ 35 ವೋಲ್ಟ್ ಕೆಪಾಸಿಟರಿಗೆ ಕೊಡಿ. ಎರಡು ಜೋಡಿಗಳನ್ನು ಬ್ರಿಡ್ಜಿಗೆ ಮೊದಲೇ ಸೇರಿಸಬೇಡಿ. ಅವುಗಳ ಅಲೆಗಳು ಕಾಲು ಚಕ್ರದಷ್ಟು ಹಿಂದೆಮುಂದೆ ಇರುವುದರಿಂದ ಒಂದು ಇನ್ನೊಂದರೊಳಗೇ ಕರೆಂಟ್ ಸುರಿಯುತ್ತದೆ.

ಅಲ್ಲಿಂದ ಎಂಪಿ1584 ಬಕ್ ಮಾಡ್ಯೂಲ್ (ವೋಲ್ಟೇಜ್ ಇಳಿಸುವ ಕನ್ವರ್ಟರ್), 5 ವೋಲ್ಟಿಗೆ ಸೆಟ್ ಮಾಡಿ. ಆಮೇಲೆ ರಕ್ಷಣಾ ಚಿಪ್ ಇರುವ ಟಿಪಿ4056 ಚಾರ್ಜರ್. ಎಲ್‌ಇಡಿಯನ್ನು ಸೆಲ್ಲಿಗೆ ನೇರ ಕಟ್ಟದೆ ಚಾರ್ಜರಿನ ಔಟ್‌ಪುಟ್ ಕಡೆಯ ತುದಿಗಳಿಂದ, 1 ವ್ಯಾಟಿನ ಎಲ್‌ಇಡಿ ಡ್ರೈವರ್ ಮೂಲಕ ತೆಗೆಯಿರಿ.

ಹೆಚ್ಚಿನವರ ಪ್ರಾಜೆಕ್ಟ್ ಸಾಯುವುದು ಈ ಟಿಪಿ4056ನಲ್ಲಿ. ಅಂಗಡಿಯಿಂದ ಬರುವಾಗ ಅದರ ಮೇಲೆ 1.2 ಕಿಲೋಓಮ್ ರೆಸಿಸ್ಟರ್ ಇರುತ್ತದೆ, ಅಂದರೆ 1 ಆಂಪಿಯರ್ ಚಾರ್ಜ್. ನಮ್ಮ ಪುಟ್ಟ ಜನರೇಟರ್ ಅಷ್ಟು ಕೊಡಲಾರದು, ವೋಲ್ಟೇಜ್ ಕುಸಿಯುತ್ತದೆ. ಬಕ್ ಕನ್ವರ್ಟರಿನ ಸ್ವಭಾವ ಏನೆಂದರೆ ಒಳಬರುವ ವೋಲ್ಟೇಜ್ ಇಳಿದಂತೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಹೆಚ್ಚು ಎಳೆದಂತೆ ಮತ್ತೂ ಇಳಿಯುತ್ತದೆ. ಕೊನೆಗೆ ಗಾಲಿಗೆ ಬ್ರೇಕ್ ಹಾಕಿದಂತಾಗಿ ಎಲ್ಲ ನಿಂತುಬಿಡುತ್ತದೆ, ಗಾಲಿ ಜೋರಾದರೂ ಮತ್ತೆ ಏಳುವುದಿಲ್ಲ. ಆ ರೆಸಿಸ್ಟರ್ ತೆಗೆದು ಸುಮಾರು 5 ಕಿಲೋಓಮ್ ಹಾಕಿ (4.7 ಸುಲಭವಾಗಿ ಸಿಗುತ್ತದೆ). ಚಾರ್ಜ್ 250 ಮಿಲಿಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ. 5 ವೋಲ್ಟಿನಲ್ಲಿ ಅದು 1.25 ವ್ಯಾಟ್, ಡಯೋಡು, ಬಕ್, ಬೆಲ್ಟ್ ನಷ್ಟವೆಲ್ಲ ಸೇರಿ ಮೇಲಿನವರು ಹಿಡಿದ 3 ವ್ಯಾಟಿನೊಳಗೇ ಬರುತ್ತದೆ.

ಸಿಗುವುದೆಷ್ಟು: ದಿನಕ್ಕೆ ಮೂರು ತಾಸು ನಿಲ್ಲದೆ ಹೊಡೆದರೆ 750 ಮಿಲಿಆಂಪ್-ಅವರ್, ಅಂದರೆ 2.7 ವ್ಯಾಟ್-ಅವರ್. 1 ವ್ಯಾಟ್ ದೀಪ ಎರಡು ತಾಸಿನ ಮೇಲೆ ಸ್ವಲ್ಪ ಉರಿಯುತ್ತದೆ. ಕೊಪ್ಪಳದ ಬಿಸಿಲಿಗೆ 5 ವ್ಯಾಟಿನ ಸೋಲಾರ್ ಫಲಕ ಒಂದು ದಿನಕ್ಕೆ ಇದರ ಐದಾರು ಪಟ್ಟು ಕೊಡುತ್ತದೆ. ಬೆಳಕೊಂದೇ ಬೇಕಿದ್ದರೆ ಫಲಕ ಹಾಕಿ. ಚಲನೆ ವಿದ್ಯುತ್ತಾಗುವುದನ್ನು ಮಕ್ಕಳು ಕೈಯಾರೆ ಅಳೆದು ಕಲಿಯಲಿ ಎಂದಿದ್ದರೆ ಇದಕ್ಕಿಂತ ಒಳ್ಳೆಯ ಯೋಜನೆ ಕಡಿಮೆ. ಪ್ರತಿ ಹಂತದಲ್ಲೂ ಅಳೆಯಲು ಏನಾದರೂ ಇದೆ.

ಸೆಲ್ಲಿನ ಪೆಟ್ಟಿಗೆ ನೆರಳಲ್ಲಿರಲಿ. ಲಿಥಿಯಂ ಸೆಲ್ಲನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಗಾಳಿಯೇ 40 ದಾಟಿರುತ್ತದೆ, ಬಿಸಿಲಿಗೆ ಇಟ್ಟ ತಗಡಿನ ಡಬ್ಬಿಯೊಳಗೆ ಇನ್ನೂ ಜಾಸ್ತಿ. ಬಿಳಿ ಪ್ಲಾಸ್ಟಿಕ್ ಡಬ್ಬಿ, ದಿನವಿಡೀ ನೆರಳಿರುವ ಜಾಗ.

ಕಾರಟಗಿ ರೈಸ್‌ಮಿಲ್:

ಮಾಹಿತಿ ಬಹಳ ಉಪಯುಕ್ತ. ನಮ್ಮಲ್ಲಿ ಭತ್ತ ಸ್ವಚ್ಛ ಮಾಡುವ ಜರಡಿ ನಿಮಿಷಕ್ಕೆ 300 ಸಲ ಹಿಂದೆಮುಂದೆ ಆಡುತ್ತದೆ, ಆಟ 25 ಮಿಮೀ. ದಿನಪೂರ್ತಿ ಓಡುತ್ತದೆ. ಅದಕ್ಕೆ ಇಂಥದ್ದೊಂದು ಕೂರಿಸಿ ಗೋದಾಮಿನ ದೀಪ ಉರಿಸಬಹುದೇ?

ತೋರಣಗಲ್ಲು ಮೆಂಟೆನೆನ್ಸ್:

ಉರಿಸಬಹುದು, ಆದರೆ ಬಿಲ್ ಹೆಚ್ಚಾಗುತ್ತದೆ ಸರ್. ಆ ಜರಡಿ ಆಡಿಸುತ್ತಿರುವುದು ನಿಮ್ಮದೇ ಮೋಟರ್. 1 ವ್ಯಾಟ್ ವಾಪಸ್ ಪಡೆಯಲು ಮೀಟರಿನಲ್ಲಿ ಎರಡು ಮೂರು ವ್ಯಾಟ್ ಓಡುತ್ತದೆ. ದೀಪವನ್ನು ನೇರ ಲೈನಿಗೆ ಹಾಕುವುದೇ ಅಗ್ಗ. ಜರಡಿಯ ತೂಕದ ಸಮತೋಲ ಕೆಡಿಸುವ ಯಾವುದನ್ನೂ ಅದಕ್ಕೆ ಕಟ್ಟಬೇಡಿ, ಬುಷ್ ಬೇಗ ಸವೆಯುತ್ತವೆ.

ಒಂದು ಉಪಯೋಗ ಮಾತ್ರ ಇದೆ. ಜರಡಿಯ ಚೌಕಟ್ಟಿಗೆ ಸಣ್ಣ ಮ್ಯಾಗ್ನೆಟ್, ಎದುರಿನ ಸ್ಥಿರ ಆಂಗಲ್‌ಗೆ ಕಾಯಿಲ್. ಸೆಕೆಂಡಿಗೆ ಐದು ಸಲ ಆಡುವುದರಿಂದ ಸಂಕೇತ ಚೆನ್ನಾಗಿ ಬರುತ್ತದೆ. ಬೆಲ್ಟ್ ಜಾರಿ ಜರಡಿ ನಿಂತರೆ ಸಂಕೇತವೂ ನಿಲ್ಲುತ್ತದೆ, ಅದನ್ನು ಬಜರಿಗೆ ಕಟ್ಟಿಕೊಳ್ಳಬಹುದು. ಮಕ್ಕಳು ಸುತ್ತಿದ ಆ 1000 ಸುತ್ತಿನ ಕಾಯಿಲಿಗೆ ಸರಿಯಾದ ಜಾಗ ಇದು.

ಕುಷ್ಟಗಿ ವಿಜ್ಞಾನ ಬಳಗ:

ಎಲ್ಲರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ. ಪಂಪ್ ಗ್ರಾಮ ಪಂಚಾಯಿತಿಯದು, ಅದಕ್ಕೆ ವೆಲ್ಡ್ ಮಾಡುವಂತಿಲ್ಲ. ಇನ್ನೊಂದು, ಈ ಪಂಪಿನ ಪೈಪು ಇಳಿಸಿರುವುದು 12 ಮೀಟರ್ ಮಾತ್ರ. ಮೇಲಿನ ಲೆಕ್ಕಗಳು 30 ಮೀಟರಿನವು. ಏನಾದರೂ ಬದಲಾಗುತ್ತದೆಯೇ?

ಲಿಂಗಸುಗೂರು ಫಿಟ್ಟರ್:

ಬದಲಾಗ್ತದ ಸರ್, ಛಲೋ ಕೇಳಿದ್ರಿ. ಮಾರ್ಕ್-2 ಒಳಗ ಹಿಡಿಕೆಗೂ ರಾಡಿಗೂ ನಡುವ ಇರೋದು ಚೈನು. ಚೈನು ಎಳೀತದ, ತಳ್ಳಂಗಿಲ್ಲ. ಹಿಡಿಕೆ ಏರುವಾಗ ರಾಡ್ ತನ್ನ ತೂಕಕ್ಕೇ ಕೆಳಗ ಬೀಳಬೇಕು. 12 ಮಿಮೀ ರಾಡ್ ಮೀಟರಿಗೆ 0.89 ಕಿಲೋ. 30 ಮೀಟರಿಗೆ 26 ಕಿಲೋ ಮ್ಯಾಲೆ, ಒಂದು ಸ್ಟ್ರೋಕಿಗೆ 33 ಜೌಲ್. ನಿಮ್ಮ 12 ಮೀಟರಿಗೆ 10-11 ಕಿಲೋ, 13 ಜೌಲ್ ಅಷ್ಟೇ. ಅದರಾಗ ಹಿಡಿಕೆಯ ಕಬ್ಬಿಣ ಎತ್ತಾಕೇ ಒಂದಿಷ್ಟು ಹೋಗ್ತದ. ನಮ್ಮ 4.5 ಜೌಲ್ ರಾಡಿನ ತೂಕದಿಂದ ಬರದಿದ್ರ ಹೊಡೆಯೋರು ಕೈಯಿಂದ ಹಿಡಿಕೆ ಎತ್ತಬೇಕು. ಹಂಗ ಜೋರಾಗಿ ಎತ್ತಿದ್ರ ರಾಡ್ ಬೀಳೋಕಿಂತ ಮೊದಲೇ ಹಿಡಿಕೆ ಏರಿ ಪಂಪಿನ ಚೈನು ಸಡಿಲಾಗ್ತದ, ಮುಂದಿನ ಹೊಡೆತಕ್ಕ ಧಡ್ ಅಂತ ಜಗ್ಗತದ. ದಿನಾ ಹಿಂಗ ಆದ್ರ ಚೈನಿನ ಬೋಲ್ಟು, ರಾಡಿನ ಜಾಯಿಂಟು ಹೋಗ್ತಾವ. ರಾಡ್ ಕಳಚಿ ಬೋರಿನಾಗ ಬಿದ್ರ ತೆಗೆಯೋ ಖರ್ಚು ಶಾಲಿಗೆ ಆಗಂಗಿಲ್ಲ.

ಹಂಗಾಗಿ 12 ಮೀಟರಿಗೆ ಭಾರ ಅರ್ಧ ಮಾಡ್ರಿ. ಚಾರ್ಜರ್ ರೆಸಿಸ್ಟರ್ 10 ಕಿಲೋಓಮ್ ಹಾಕಿದ್ರ 130 ಮಿಲಿಆಂಪಿಯರ್ ಆಗ್ತದ. ದೀಪವನ್ನೂ ಅರ್ಧ ವ್ಯಾಟಿಗೆ ಇಳಿಸ್ರಿ, ಅಷ್ಟೇ ತಾಸು ಉರೀತದ.

ವೆಲ್ಡ್ ಬ್ಯಾಡ. ಹಿಡಿಕೆಗೆ 40×5 ಮಿಮೀ ಪಟ್ಟಿಯ ಎರಡು ತುಂಡು, ನಡುವ ಟೈರಿನ ರಬ್ಬರ್, 10 ಮಿಮೀ ಬೋಲ್ಟ್ ಎರಡು, ಡಬಲ್ ನಟ್. ಗಾಲಿ ಸ್ಟ್ಯಾಂಡ್ ಪಂಪಿಗೆ ತಾಗಲಾರದಂಗ ಕಟ್ಟೆಯ ಹೊರಗ ಸ್ವಂತ ಕಾಲಿನ ಮ್ಯಾಲೆ ನಿಲ್ಲಲಿ. ಕಟ್ಟೆಗೆ ತೂತು ಹೊಡೀಬ್ಯಾಡ್ರಿ, ಸೀಳು ಬಿಟ್ಟು ಹೊಲಸು ನೀರು ಬೋರಿಗಿಳೀತದ. ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟು, ಅವರ ಪಂಪ್ ಮೆಕ್ಯಾನಿಕ್ ಇದ್ದಾಗಲೇ ಕೂರಿಸ್ರಿ. ಅವರ ಕೈಲಿ ತಲೆಯ ಮುಚ್ಚಳ ತೆಗೆಸಿ, ಒಬ್ರು ಹೊಡೆಯುವಾಗ ಒಳಗಿನ ಚೈನು ನೋಡ್ರಿ. ಹಿಡಿಕೆ ಪೂರ್ತಿ ಏರಿದಾಗಲೂ ಚೈನು ಬಿಗಿ ಇದ್ರ ಸರಿ. ಒಂದು ಕೊಂಡಿ ಜೋಲು ಬಿದ್ರೂ ಟ್ಯೂಬ್ ಪಟ್ಟಿ ಸಡಿಲ ಮಾಡ್ರಿ, ಆಗಲೂ ಬಿದ್ರ ಚಾರ್ಜಿಂಗ್ ಕರೆಂಟ್ ಇನ್ನೂ ಇಳಿಸ್ರಿ.